ಪರಗೈ

ಆ ಹೊಲಿಗೆ ಅಂಗಡಿಯಲ್ಲಿ ಜಗಳವೇ ಆಗುತ್ತಿರಲಿಲ್ಲ ಎಂದರೆ ನೀವು ನಂಬಬೇಡಿ. ಆಗುತ್ತಿತ್ತು. ಆದರೆ ಯಾವ ಜಗಳವೂ ಚೀಲದ ಬಾಯಿ ದಾಟುತ್ತಿರಲಿಲ್ಲ. ಹೊಸ ಮೆಷಿನ್ ಯಾರಿಗೆ, ರಜೆ ಮೊದಲು ಯಾರಿಗೆ, ಫ್ಯಾನಿನ ಕೆಳಗೆ ಯಾರು ಎಂದು ಮಾತು ಏರಿದರೆ ಕಟಿಂಗ್ ಮಾಸ್ಟರ್ ಕತ್ತರಿ ಕೆಳಗಿಟ್ಟು, "ಚೀಲ ತನ್ನಿ" ಎನ್ನುವರು. ಪ್ಯಾಂಟಿನ ಜೇಬಿನ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲ. ಅದರೊಳಗೆ ಒಂದು ಬಿಳಿ ಗುಂಡಿ, ಉಳಿದವು ಕಪ್ಪು. ಕೊನೆಯವರೂ ತಡಕಾಡಿಯೇ ತೆಗೆಯಲಿ ಎಂದು, ಕೇಳಿದವರಿಗಿಂತ ಒಂದು ಗುಂಡಿ ಹೆಚ್ಚೇ ಹಾಕುತ್ತಿದ್ದರು. ಬಿಳಿ ಬಂದವರು ಗೆದ್ದರು; ಯಾರಿಗೂ ಬರದಿದ್ದರೆ ಮತ್ತೆ ಮೊದಲಿಂದ. ಮಾಲೀಕರ ಭಾವಮೈದನಿಗೂ ಇದೇ ದಾರಿ.

ಚೀಲ ಹಿಡಿಯುತ್ತಿದ್ದವನು ಕಾಜಾ ಹಾಕಿ ಗುಂಡಿ ಹೊಲಿಯುವ ಕೆಲಸದವನು. ಹಿಡಿದು ಹಿಡಿದು ಅವನ ಹೆಸರೇ ಚೀಲದಣ್ಣ ಎಂದಾಗಿತ್ತು. ಹಿಂದೆ ಅವನೂ ಎಲ್ಲರ ಹಾಗೆ ಕೈ ಹಾಕುತ್ತಿದ್ದ. ಹಾಕಿದಾಗಲೆಲ್ಲ ಬಿಳಿಯೇ ಬರುತ್ತಿತ್ತು. "ಇವರ ಬೆರಳಿಗೆ ಕಣ್ಣಿದೆ ಕಣ್ರೀ" ಎಂದು ಯಾರೋ ನಗಾಡಿದರು. ಅವನು ಮಾತ್ರ ನಗಲಿಲ್ಲ. ದಿನವಿಡೀ ಗುಂಡಿ ಹಿಡಿಯುವ ಬೆರಳು, ಬಿಳಿ ಯಾವುದು ಕಪ್ಪು ಯಾವುದು ಎಂದು ಅವನನ್ನು ಕೇಳದೆಯೇ ತಿಳಿದುಕೊಳ್ಳುತ್ತಿತ್ತು. ಬೇರೆ ಗುಂಡಿ ಹಾಕಿ ನೋಡಿದರು. ಬೆರಳು ಅದನ್ನೂ ಕಲಿತುಬಿಟ್ಟಿತು. ಆಗ ಅವನಾಗಿಯೇ ಹೇಳಿದ: "ನಾನು ಕೈ ಹಾಕೋದು ನ್ಯಾಯ ಅಲ್ಲ. ಚೀಲ ಹಿಡೀತೀನಿ."

ಚೀಲ ಹಿಡಿದವನು ಯಾರ ಕಡೆಯವನೂ ಆಗಿರಬಾರದು. ಇದನ್ನು ಅವನಿಗೆ ಯಾರೂ ಹೇಳಲಿಲ್ಲ, ತನಗೆ ತಾನೇ ಹೇಳಿಕೊಂಡ. ಒಬ್ಬರ ಊಟದ ಡಬ್ಬಿಗೆ ಕೈ ಹಾಕಿದರೆ ಇನ್ನೊಬ್ಬರು ಏನಂದುಕೊಂಡಾರು? ಊಟಕ್ಕೆ ಮೂಲೆ ಹಿಡಿದ. ಎಲ್ಲರೂ ಟೀ ಕುಡಿದು ಬಂದಮೇಲೆ ತಾನು ಹೋದ. ಜನ ಅವನಿಗೆ ತುಂಬ ಗೌರವ ಕೊಟ್ಟರು. ಗೌರವ ಕೊಟ್ಟವರು ಪಕ್ಕದಲ್ಲಿ ಬಂದು ಕೂರಲಿಲ್ಲ. ಮನೆ ಎಂದರೆ ಒಂದು ಕೋಣೆ. ಹೆಂಡತಿ ತೀರಿಹೋದಮೇಲೆ ಅಲ್ಲಿ ದನಿ ಮಾಡುವುದು ಸೋರುವ ನಲ್ಲಿ ಒಂದೇ. ಹಾಗಾಗಿ ಅಂಗಡಿಯ ಮಾತು, ತನಗಲ್ಲದಿದ್ದರೂ ಸರಿ, ಕಿವಿಗೆ ಬಿದ್ದರೆ ಸಾಕಿತ್ತು.

ಒಂದು ಬೆಳಿಗ್ಗೆ ಮಾಸ್ಟರ್ ಒಂದು ಕೋಟು ತಂದು ಅವನ ಮುಂದೆ ಹಾಸಿದರು.

"ವಾಪಸ್ ಬಂದಿದೆ. ಕಪ್ಪು ಬಟ್ಟೆ, ಗುಂಡಿಗೆ ನೀಲಿ ದಾರ."

"ನೀಲಿನಾ?"

"ಅದನ್ನ ನೀವೇ ಕೇಳ್ತೀರಲ್ಲ ಅಣ್ಣ, ಅದೇ ನನಗೆ ಭಯ. ಇನ್ನೊಂದು ಕೋಟು ಹೀಗೆ ಬಂದ್ರೆ ಮಾಲೀಕರು ನಿಮ್ಮನ್ನ ಮನೆಗೆ ಕಳಿಸ್ತಾರೆ. ನನ್ನ ಮಾತು ನಡೆಯಲ್ಲ."

ಅದೇ ವಾರ ಕಿಟಕಿ ಪಕ್ಕದ ಜಾಗ ಖಾಲಿಯಾಯಿತು. ಅಲ್ಲಿ ಬೆಳಕು ನೇರ ಮಡಿಲಿಗೆ ಬೀಳುತ್ತಿತ್ತು; ಅಲ್ಲಿ ಕೂತರೆ ಕಪ್ಪು, ನೀಲಿ ಅವನ ಕಣ್ಣಿಗೂ ಬೇರೆಯಾಗಿ ಕಂಡೀತು. ಆ ಜಾಗ ಕೇಳಿದವಳು ಜಿಪ್ಪು. ಹೊಲಿಯುವುದು ಜಿಪ್ಪು, ಬಾಯಿಗೆ ಮಾತ್ರ ಜಿಪ್ಪಿಲ್ಲ ಎಂದು ಅಂಗಡಿಯವರೇ ಇಟ್ಟ ಹೆಸರು. "ಈ ಇಸ್ತ್ರಿ ಹಬೆಗೆ ನನ್ನ ಉಬ್ಬಸ ಕೆರಳುತ್ತೆ ಮಾಸ್ಟರ್. ಬೇಕಾದ್ರೆ ಉಸಿರಾಡೋದನ್ನ ಮನೇಲೇ ಮುಗಿಸ್ಕೊಂಡು ಬರ್ತೀನಿ" ಎಂದಳು.

"ಬೇರೆ ಯಾರಾದ್ರೂ?"

ಚೀಲದಣ್ಣ ಕೈಯಲ್ಲಿದ್ದ ಕೋಟು ಕೆಳಗಿಟ್ಟ. "ನಾನು" ಎಂದ.

ಮೆಷಿನ್‌ಗಳು ಒಂದೊಂದಾಗಿ ನಿಂತವು. "ಅಯ್ಯೋ, ಇವರು ಕೈ ಹಾಕಿದ್ರೆ ಬಿಳಿ ಇವರದ್ದೇ!" ಎಂದಳು ಜಿಪ್ಪು. "ಗುಂಡಿ ಮುಟ್ಟೋಕೂ ಗುಂಡಿಗೆ ಬೇಕು ಬಿಡಿ."

"ಪರಗೈ ಇದೆಯಲ್ಲ" ಎಂದರು ಮಾಸ್ಟರ್.

ಪರಗೈ ಎಂಬುದು ಆ ಅಂಗಡಿಯದೇ ಮಾತು. ಕಾಯಿಲೆಯೋ ಬಾಣಂತನವೋ ಆಗಿ ಬರಲಾಗದವರ ಪರವಾಗಿ ಇನ್ನೊಬ್ಬರು ಕೈ ಹಾಕಬಹುದು. ಒಂದೇ ಕಟ್ಟಳೆ: ಯಾರಿಗೆ ಬೇಕೋ ಅವರೇ ಬಾಯಿಬಿಟ್ಟು ಕೇಳಬೇಕು. "ಸಂಜೆ ಚೀಲ. ಅಷ್ಟರಲ್ಲಿ ಒಬ್ಬರನ್ನ ಕೇಳ್ಕೊಳ್ಳಿ ಅಣ್ಣ."

ಒಬ್ಬರನ್ನ. ಅವನು ಅಂಗಡಿಯ ಉದ್ದಕ್ಕೂ ಕಣ್ಣಾಡಿಸಿದ. ಎಲ್ಲರ ರಜೆಯ ಕಾರಣ ಗೊತ್ತು, ಎಲ್ಲರ ಮಕ್ಕಳ ಕಾಯಿಲೆ ಗೊತ್ತು. ಚೀಲದ ಮುಂದೆ ಬಂದು ಹೇಳಿಕೊಂಡದ್ದೇ ಎಲ್ಲ. ಅವನ ಮನೆಯ ನಲ್ಲಿ ಸೋರುವುದು ಯಾರಿಗೂ ಗೊತ್ತಿರಲಿಲ್ಲ. ಅವನು ನೋಡಿದ ಕಡೆ ಒಬ್ಬೊಬ್ಬರೂ ತಲೆ ತಗ್ಗಿಸಿ ಹೊಲಿಗೆ ಹಿಡಿದರು. ಜಿಪ್ಪು ಅವರ ಗೆಳತಿ. ಇವನು ಅವರ ನ್ಯಾಯ, ಅಷ್ಟೇ.

ಉಳಿದವಳು ಇಸ್ತ್ರಿ ಅಕ್ಕ. ಅವಳಿಗಿಂತ ಹಿರಿಯರಿಗೂ ಅವಳು ಅಕ್ಕನೇ. ಇವನೊಡನೆ ಮಾತ್ರ ಅವಳು ಮಾತು ಬಿಟ್ಟಿದ್ದಳು. ಮಗಳ ಹೆರಿಗೆಗೆಂದು ರಜೆ ಕೇಳಿದ್ದಳು. ಆಸ್ಪತ್ರೆಯಿಂದ ಓಡೋಡಿ ಬರುವಷ್ಟರಲ್ಲಿ ಎಲ್ಲರೂ ಕೈ ಹಾಕಿ, ಚೀಲ ಕಟ್ಟಿಯಾಗಿತ್ತು. ಪರಗೈ ಹೇಳಿ ಹೋಗಲು ಅವಳಿಗೆ ಪುರಸೊತ್ತಿರಲಿಲ್ಲ. "ಕಟ್ಟಿದ ಚೀಲ ಬಿಚ್ಚಿದ್ರೆ ನಾಳೆ ಯಾರೂ ನಂಬಲ್ಲಕ್ಕ" ಎಂದಿದ್ದ ಇವನು. ಮಾತು ಸರಿಯೇ. ಮಗಳು ಹೆತ್ತಾಗ ಅವಳು ಇಲ್ಲಿ ಯಾರದೋ ಅಂಗಿಯ ಕಾಲರ್ ತಿಕ್ಕುತ್ತಿದ್ದಳು.

ಅವಳ ಮೇಜಿನ ಮುಂದೆ ಹೋಗಿ ನಿಂತ. ಅವಳು ತಲೆ ಎತ್ತಲಿಲ್ಲ.

"ಅಕ್ಕ, ನನ್ನ ಪರಗೈ ಆಗ್ತೀರಾ?"

"ನನ್ನನ್ನ? ಬೇಕಂತಲೇ ಕಪ್ಪು ತೆಗೆದ್ರೆ ಏನು ಮಾಡ್ತೀರಿ?"

"ನಿಮ್ಮ ಬೆರಳಿಗೆ ಗೊತ್ತಾಗಲ್ಲ."

ಅವಳು ಕೈ ತಿರುಗಿಸಿ ನೋಡಿಕೊಂಡಳು. ಸುಟ್ಟು ಸುಟ್ಟು ತುದಿಗಳು ಮೇಣ ಸವರಿದಂತೆ ನುಣುಪಾಗಿದ್ದವು. "ಅದೂ ನಿಜ. ಇದಕ್ಕೆ ಬಿಸಿಯೂ ಒಂದೇ, ತಂಪೂ ಒಂದೇ." ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. "ಒಂದು ಹೇಳಿ. ಬೆರಳು ನೋಡಿ ಕೇಳಿದ್ರೋ, ಆಳು ನೋಡಿ ಕೇಳಿದ್ರೋ?"

ಅವನು ಅಂಗಡಿಯ ಕಡೆ ಒಮ್ಮೆ ತಿರುಗಿ ನೋಡಿದ. "ಬೇರೆ ಯಾರೂ ಇಲ್ಲ ಅಕ್ಕ" ಎಂದ.

ಅವಳು ಮತ್ತೆ ಪೆಟ್ಟಿಗೆ ಎತ್ತಿಕೊಂಡಳು. ಸಂಜೆ ಮಾಸ್ಟರ್ ಚೀಲ ಹಿಡಿದಾಗ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು.

ಅವಳ ಕೈ ಒಳಗೆ ಹೋಯಿತು. ಬಹಳ ಹೊತ್ತು ಒಳಗೇ ಇತ್ತು. ಏನೂ ತಿಳಿಯದ ಬೆರಳು ಏನನ್ನು ಹುಡುಕುತ್ತಿದೆಯೋ ಎಂದು ಅವನು ಚೀಲವನ್ನೇ ನೋಡಿದ. ಮುಷ್ಟಿ ಹೊರಗೆ ಬಂತು, ಬಿಚ್ಚಿತು. ಕಪ್ಪು.

ಜಿಪ್ಪು ಕೈ ಹಾಕಿದಳು. ಬಿಳಿ. "ನಂದು!" ಎಂದು ಕುಣಿದು, ಮರುಕ್ಷಣ ಅವನ ಮುಖ ನೋಡಿ ಸಪ್ಪಗಾದಳು. "ಅಣ್ಣ, ಬೇಕಿದ್ರೆ ನೀವೇ..."

"ಬಿಳಿ ನಿಂದು ಕಣಮ್ಮ" ಎಂದ. ಕಟ್ಟಿದ ಚೀಲ ಬಿಚ್ಚಬಾರದು ಎಂದವನೇ ಅವನು. ಇಸ್ತ್ರಿ ಅಕ್ಕ ಅವನನ್ನೇ ನೋಡುತ್ತಿದ್ದಳು.

ಎಲ್ಲರೂ ಹೊರಟರು. ಅವನು ತನ್ನ ಮೂಲೆಯಲ್ಲಿ ಕೂತು, ಮಾರನೆಯ ದಿನ ಕೊಡಬೇಕಾದ ಕೋಟು ಎತ್ತಿಕೊಂಡ. ದಾರ ನಾಲಿಗೆಗೆ ಒತ್ತಿ ಸೂಜಿಯ ಕಣ್ಣಿಗೆ ಹಿಡಿದ. ತಪ್ಪಿತು. ಮತ್ತೆ ತಪ್ಪಿತು. ಅಕ್ಕ ಪ್ಲಗ್ ಕಿತ್ತು, ಚಪ್ಪಲಿ ಮೆಟ್ಟುತ್ತಿದ್ದಳು.

"ಅಕ್ಕ."

"ಏನು?"

"ಇದಕ್ಕೆ ದಾರ ಪೋಣಿಸಿ ಕೊಡ್ತೀರಾ? ಕಪ್ಪು ಬೇಕು. ಇದು ಕಪ್ಪೋ ನೀಲಿನೋ, ಅದನ್ನೂ ಸ್ವಲ್ಪ ನೋಡಿ."

ಅವಳು ಬಂದು ಉಂಡೆಯನ್ನು ಬೆಳಕಿಗೆ ಹಿಡಿದಳು. "ನೀಲಿ" ಎಂದು ಪಕ್ಕಕ್ಕೆ ಎಸೆದು, ಬೇರೊಂದು ಆರಿಸಿದಳು. ಬೆರಳಿಗೆ ದಾರ ತಿಳಿಯದೆ ಎರಡು ಸಲ ಜಾರಿತು. ಕಣ್ಣಿನಲ್ಲೇ ಗುರಿ ಹಿಡಿದು ಪೋಣಿಸಿದಳು. ಒಂದಲ್ಲ, ಅವನ ಸೂಜಿದಿಂಬಿನಲ್ಲಿ ಚುಚ್ಚಿಟ್ಟಿದ್ದ ಅಷ್ಟೂ ಸೂಜಿಗಳಿಗೂ.

"ಬೆರಳು ನೋಡಿ ಕೇಳಲಿಲ್ಲ ತಾನೇ, ಈಗ?"

"ಇಲ್ಲ" ಎಂದ.

ಅವಳು ಬಾಗಿಲವರೆಗೆ ಹೋದಳು.

"ಅಕ್ಕ, ನಾಳೆಗೆ?"

"ನಾಳೇದು ನಾಳೆ ಕೇಳಿ. ಬಾಯಿಬಿಟ್ಟು."

ಬಾಗಿಲು ಮುಚ್ಚಿತು. ಅವನು ಮೊದಲ ಸೂಜಿ ತೆಗೆದುಕೊಂಡ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಅವನಿಗೆ ಕಾಣಲಿಲ್ಲ. ಅವಳು ಹೇಳಿದ್ದಳಲ್ಲ, ನಂಬಿ ಹೊಲಿದ. ಖಾಲಿ ಅಂಗಡಿಯಲ್ಲಿ ಒಂದೆರಡು ಸಲ, ಮೆಲ್ಲಗೆ, "ಅಕ್ಕ, ದಾರ ಪೋಣಿಸಿ ಕೊಡ್ತೀರಾ" ಎಂದು ಹೇಳಿ ನೋಡಿದ.