ಜೊತೆಗೆ ಹೋದ ರಕ್ತ

ನನ್ನ ತಂಗಿಯ ಮಗನಿಗೆ ಹುಟ್ಟಿದಾಗಿನಿಂದ ಒಂದಲ್ಲ ಒಂದು ಸೋಂಕು. ಕುತ್ತಿಗೆಯ ಬಾವು ಒಣಗಿತು ಅನ್ನುವಷ್ಟರಲ್ಲಿ ಶ್ವಾಸಕೋಶದಲ್ಲಿ ಕೀವು. ಈ ಸಲ ಯಕೃತ್ತಿನಲ್ಲೇ ಬಾವು ಕಾಣಿಸಿತು. ಮೂಲ ಯಾವುದೆಂದು ಗೊತ್ತಾಗದಿದ್ದರೆ ಮುಂದಿನ ಸೋಂಕನ್ನು ಮಗು ತಡೆಯಲಾರದು ಎಂದು ಮಕ್ಕಳ ಡಾಕ್ಟರು ನೇರವಾಗಿ ಹೇಳಿಬಿಟ್ಟರು. ನೆಂಟರಿಷ್ಟರಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ಎಲ್ಲವೂ ಸುತ್ತಿ ಬಳಸಿ ತಂಗಿಯ ಅಡುಗೆಮನೆಯ ಕೊಳಕಿಗೇ ಬಂದು ನಿಲ್ಲುತ್ತಿದ್ದವು. ಆಡುವವರ ಬಾಯಿಗೆ ಬೀಗ ಹಾಕಲಾಗುವುದಿಲ್ಲವಂತೆ. ನನಗಂತೂ ಹಾಕಿ, ಕೀಲಿಯನ್ನು ಚರಂಡಿಗೆ ಎಸೆಯುವ ಆಸೆಯಿತ್ತು.

ನಾನು ಆ ಡಾಕ್ಟರು ಇರುವ ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆ ಮಾಡುವವಳು. ದೂರದ ದೇಶವೊಂದರ ಪ್ರಯೋಗಾಲಯಕ್ಕೂ ನಮಗೂ ಕೊಟ್ಟು ತರುವ ನೆಂಟಸ್ತಿಕೆ ಇದೆ. ಅವರ ಅಧ್ಯಯನಕ್ಕೆ ಇಲ್ಲಿಯ ಜ್ವರಗಳ ಮಾದರಿ ಕಳಿಸುತ್ತೇವೆ; ನಮಗೆ ಬಗೆಹರಿಯದ ರಕ್ತವನ್ನು ಅವರು ನೋಡಿಕೊಡುತ್ತಾರೆ. ಹುಡುಗನ ರಕ್ತವನ್ನೂ ಅಲ್ಲಿಗೇ ಕಳಿಸುವುದೆಂದಾಯಿತು.

ರೋಗಿಯ ರಕ್ತ ಒಂಟಿಯಾಗಿ ಪ್ರಯಾಣ ಮಾಡುವಂತಿಲ್ಲ. ಆರೋಗ್ಯವಂತರೊಬ್ಬರ ರಕ್ತವೂ ಅದೇ ಪೆಟ್ಟಿಗೆಯಲ್ಲಿ ಹೋಗಬೇಕು. ಅದು ಚೆನ್ನಾಗಿ ತಲುಪಿದರೆ ದಾರಿಯಲ್ಲಿ ಏನೂ ಕೆಟ್ಟಿಲ್ಲ ಎಂದರ್ಥ. ಅದನ್ನು ನಾವು ಜೊತೆಗಾರ ಎನ್ನುತ್ತೇವೆ. ಯಾವಾಗಲೂ ನಮ್ಮ ಗುಮಾಸ್ತನೇ ತೋಳು ಚಾಚುತ್ತಿದ್ದ. ಅವತ್ತು ಅವನಿಗೇ ಜ್ವರ. ವಿಮಾನಕ್ಕೆ ಒಯ್ಯುವ ವ್ಯಾನು ಹೊರಗೆ ಹಾರ್ನು ಹೊಡೆಯುತ್ತಿತ್ತು. ಗುಂಡುಕಲ್ಲಿನ ಹಾಗಿದ್ದೇನೆ, ನನ್ನದೇ ತೆಗಿ ಎಂದು ಪಕ್ಕದವಳಿಗೆ ತೋಳು ಕೊಟ್ಟೆ. ಜೊತೆಗಾರ ರೋಗಿಯ ರಕ್ತಸಂಬಂಧಿ ಆಗಕೂಡದು ಎಂದು ಹೊಸಬರಿಗೆ ಪಾಠ ಮಾಡುವವಳು ನಾನೇ. ಆ ಗಡಿಬಿಡಿಯಲ್ಲಿ ನಾನು ಹುಡುಗನ ದೊಡ್ಡಮ್ಮ ಎಂಬುದೇ ತಲೆಗೆ ಹೊಳೆಯಲಿಲ್ಲ.

ರಕ್ತ ತಲುಪಿದ ಮೇಲೆ ಒಂದು ಸಂಜೆ ಅಲ್ಲಿಯ ಡಾಕ್ಟರಮ್ಮ ವೀಡಿಯೊ ಕರೆ ಮಾಡಿದರು. ತಂಗಿ ನನ್ನ ಪಕ್ಕದಲ್ಲಿದ್ದಳು. ಜೊತೆಗಾರ ಯಾರು ಎಂಬುದೇ ಅವರ ಮೊದಲ ಪ್ರಶ್ನೆ. ಹುಡುಗನ ತಾಯಿಯ ಅಕ್ಕ, ನಾನೇ ಎಂದು ಹೇಳಿ, ಬೈಸಿಕೊಳ್ಳಲು ತಲೆ ತಗ್ಗಿಸಿ ಕೂತೆ. ಆಕೆ ನಕ್ಕುಬಿಟ್ಟರು.

ಹುಡುಗನ ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ, ಕೊಲ್ಲಲಾರವು ಎಂದರು. ನನ್ನ ಕಣಗಳಲ್ಲಿ ಅರ್ಧ ಸರಿಯಿದ್ದವು, ಇನ್ನರ್ಧ ಹುಡುಗನವುಗಳ ಹಾಗೆಯೇ. ಮೈಮುರಿದು ದುಡಿಯುವವಳೆಂದು ಬೀಗುತ್ತಿದ್ದ ನನ್ನೊಳಗೆ ಅರ್ಧಕ್ಕರ್ಧ ಮೈಗಳ್ಳರು! ಸರಿಯಿದ್ದ ಅರ್ಧ, ರಕ್ತ ದಾರಿಯಲ್ಲಿ ಕೆಟ್ಟಿಲ್ಲ ಎಂಬುದಕ್ಕೆ ಸಾಕ್ಷಿ. ಉಳಿದರ್ಧ, ಈ ದೋಷ ನಮ್ಮಮ್ಮನ ಕಡೆಯಿಂದ ಇಳಿದು ಬಂದಿದೆ ಎಂಬುದಕ್ಕೆ. ಹೆಣ್ಣುಮಕ್ಕಳು ಅದನ್ನು ತಿಳಿಯದೆ ಹೊತ್ತಿರುತ್ತಾರೆ, ಕಾಯಿಲೆ ಬೀಳುವವರು ಗಂಡುಮಕ್ಕಳು. ಇವತ್ತಿನಿಂದಲೇ ಸೋಂಕು ತಡೆಯುವ ಮಾತ್ರೆ ಶುರು ಮಾಡಿ, ಪೂರ್ತಿ ಗುಣವಾಗಲು ಅಸ್ಥಿಮಜ್ಜೆ ಬದಲಿಸಬೇಕು, ಕೊಡುವವರನ್ನು ಇಲ್ಲಿ ನಮ್ಮ ದೇಶದಲ್ಲೂ ಹುಡುಕುತ್ತೇವೆ, ಹುಡುಗ ಬದುಕುತ್ತಾನೆಂಬ ಭರವಸೆ ನನಗಿದೆ ಎಂದರು. ಮುಖವನ್ನೇ ಕಾಣದ ನಮ್ಮ ಹುಡುಗನಿಗಾಗಿ ಇಷ್ಟು ಮಾಡಿದ ಆಕೆಯ ಕಾಲಿಗೆ ಬೀಳಬೇಕೆನಿಸಿತು. ಪರದೆಗೇ ಕೈ ಮುಗಿದೆ.

ನಾನು ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೆ ತಂಗಿ ನನ್ನ ತೋಳು ಹಿಡಿದುಕೊಂಡಳು.

"ಹಾಗಾದ್ರೆ ನಾನು ಪಾತ್ರೆ ಸರಿಯಾಗಿ ತೊಳೀಲಿಲ್ಲ ಅಂತ ಬಂದದ್ದಲ್ಲ, ಅಲ್ವಾ ಅಕ್ಕ?"

"ಅಲ್ಲ ಕಣೇ. ನನ್ನಲ್ಲೂ ಇದೆಯಲ್ಲ, ನಾನೇನು ತೊಳೀಲಿಲ್ಲ ಹೇಳು?"

ಅವಳು ಕಣ್ಣೊರೆಸಿಕೊಂಡಳು. "ಅವರಿಗೆ ಹೇಳು, ಇವತ್ತು ನಾನು ನಿದ್ದೆ ಮಾಡ್ತೀನಿ ಅಂತ."

ಅದನ್ನು ಹಾಗೆಯೇ ಅವರ ಭಾಷೆಯಲ್ಲಿ ಹೇಳಿದೆ. ಹಾಗಾದರೆ ನಾನೂ ಇನ್ನು ಹೋಗಿ ಮಲಗುತ್ತೇನೆ ಎಂದರು ಡಾಕ್ಟರಮ್ಮ. ಅವರ ಹಿಂದಿನ ಕಿಟಕಿಯಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು.