ಬಾಯಿಗೆ ಏನೂ ಇಲ್ಲ

ಮಂಚದ ತಲೆಗಡೆಯ ಹಲಗೆಗೆ ಸೀಮೆಸುಣ್ಣದಲ್ಲಿ ಬರೆದ ಆ ಅಕ್ಷರಗಳ ಮೇಲೆ ಒಂದು ನೊಣ ನಡೆಯುತ್ತಿದೆ, ಎನ್ ದಾಟಿತು, ಬಿ ದಾಟಿತು, ಎಂ ಮೇಲೆ ಕೂತು ಕಾಲು ಉಜ್ಜಿಕೊಳ್ಳುತ್ತಿದೆ, ಓಡಿಸೋಣವೆಂದರೆ ಗುರುವಪ್ಪನ ಕೈಗೆ ಬಿಡುವಿಲ್ಲ, ಮುಷ್ಟಿಯೊಳಗೆ ಕಾವೇರಿ ತೀರ್ಥದ ಸೀಸೆ ಇದೆ, ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಕುಂಡಿಕೆಯಿಂದ ತುಂಬಿ ತಂದು ದೇವರ ಕೋಣೆಯಲ್ಲಿ ಇಟ್ಟದ್ದು, ಮಗಳ ಮೈಯಂತೆ ಅದೂ ಅಂಗೈಯಲ್ಲಿ ಬಿಸಿಯಾಗಿದೆ — ಅಪ್ಪ, ನೀರ್, ಬಾಯಿ ಒಣಗಿ ಹೋತ್ ಅಪ್ಪ, ಮಂಚದ ಮೇಲೆ ಯಮುನ ಕಣ್ಣು ತೆರೆಯದೆಯೇ ಕೇಳುತ್ತಾಳೆ, ಹೊಟ್ಟೆಯೊಳಗೆ ಕರುಳಿನ ತುದಿ ಒಡೆದು ಕೀವಾಗಿತ್ತಂತೆ, ಬೆಳಗ್ಗೆ ಕೊಯ್ದು ತೊಳೆದು ಹೊಲಿದಿದ್ದಾರೆ, ಎನ್.ಬಿ.ಎಂ. ಅಂದರೆ ಬಾಯಿಗೆ ಏನೂ ಇಲ್ಲ ಅಂತ ಅಜ್ಜಾ, ಒಂದು ತೊಟ್ಟು ನೀರು ಸಹ ಇಲ್ಲ, ಕೊಟ್ಟರೆ ವಾಂತಿ ಬರ್ತದೆ, ಹೊಲಿಗೆ ಬಿಡ್ತದೆ, ಮಲಯಾಳದ ನರ್ಸಮ್ಮ ಅವನ ಸೀಸೆಯನ್ನೇ ನೋಡುತ್ತ ಹೇಳಿ ಹೋದಳು — ತೀರ್ಥವೂ ನೀರೇ ಆಯಿತೆ, ಅಮ್ಮಾ ಕಾವೇರಿ, ನೀನೂ ಬರೀ ನೀರೆ.

ಹೆಂಡತಿ ಹೊನ್ನಮ್ಮನ ಹಲಗೆಯ ಮೇಲೂ ಅಕ್ಷರವಿತ್ತು, ಪಿ.ಯು.ಓ., ಹೋದ ಮಳೆಗಾಲ, ಇದೇ ಆಸ್ಪತ್ರೆ, ಬಾಗಿಲ ಫಲಕದಲ್ಲಿ ಮೈಸೂರು ಸರ್ಕಾರ ಎಂದು ಬರೆದ ಹೊಸ ಬಣ್ಣದಡಿಯಿಂದ ಹಳೆಯ ಕೊಡಗು ಇನ್ನೂ ಇಣುಕುತ್ತಿತ್ತು, ಅವಳ ಜ್ವರಕ್ಕೆ ಹೆಸರು ಸಿಕ್ಕಿತು, ಇನ್ನು ಮದ್ದೂ ಸಿಗುತ್ತದೆ ಎಂದು ನಂಬಿದ್ದ, ದೇವರ ನಾಮದಂತೆ ಆ ಅಕ್ಷರಗಳನ್ನು ಜಪಿಸುತ್ತ ಕೂತಿದ್ದ, ಕೊನೆಗೆ ಡಾಕ್ಟರರ ಕೋಣೆಗೆ ಹೋಗಿ ಅರ್ಥ ಕೇಳಿದ, ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಎಲ್ಲಿಂದ ಬಂತೋ ನಮಗೆ ತಿಳಿಯದ ಜ್ವರ ಅಂತ ಗೌಡರೇ — ತಿಳಿಯದು ಎನ್ನುವುದಕ್ಕೂ ಮೂರು ಅಕ್ಷರ — ಅವನು ತಿರುಗಿ ಬರುವಷ್ಟರಲ್ಲಿ ಅವಳ ಬಾಯಿ ತೆರೆದಂತೆಯೇ ನಿಂತಿತ್ತು, ತುಟಿ ಒಣಗಿ ಒಡೆದಿತ್ತು, ತೀರ್ಥ ಮನೆಯಲ್ಲಿ ಉಳಿದಿತ್ತು, ಹೋಗುವ ಜೀವದ ಬಾಯಿಗೆ ಒಂದು ಹನಿ ಬೀಳಲಿಲ್ಲ, ಸಂಜೆ ದೀಪ ಹಚ್ಚಿ ಕೈಮುಗಿದರೆ ದೇವರಿಗಿಂತ ಮೊದಲು ಆ ಒಡೆದ ತುಟಿಯೇ ಕಾಣುತ್ತದೆ.

ಆ ಸೀಸೆ ಎಂತಕ್ಕೆ ತಂದದ್ ಮಾವ, ಅಳಿಯ ನಾಣಯ್ಯ ಆಗಲೇ ಸಿಡುಕಿದ್ದ, ಅದ್ ಸಾಯ್ವವ್ರ ಬಾಯಿಗೆ ಬಿಡ್ದು, ನಿಮ್ಮ ಮಗ್ಳ್ ಸಾಯ್ತಳೆ ಹೇಳಿ ನೀವೇ ತೀರ್ಮಾನ ಮಾಡಿದ್ರಾ, ಹಾಗೆಂದು ಅವಳಿಗೆ ರಕ್ತ ಕೊಡಲು ಕೆಳಗಿನ ಕೋಣೆಗೆ ಹೋದವನು ಇನ್ನೂ ಬಂದಿಲ್ಲ, ಪಕ್ಕದ ಮಂಚದಲ್ಲಿ ದೊಡ್ಡಿ ಎಂಬ ಹೆಂಗಸು, ಅಮ್ಮತ್ತಿ ಕಡೆಯ ಎಸ್ಟೇಟಿನ ಕೂಲಿ ಲೈನಿನವಳು, ಎದ್ದು ಕೂತಿದ್ದಾಳೆ, ನಿಮ್ ಮಗಳಿಗೆ ಮೂರಕ್ಷರ ಗೌಡ್ರೆ, ನಂಗೆ ಎಚ್.ಬಿ. ಅಂತ ಎರಡೇ, ರಕ್ತ ಕಮ್ಮಿ ಅಂತೆ, ಅದ್ಕೇ ಅಕ್ಷರಾನೂ ಕಮ್ಮಿ ಮಾಡವ್ರೆ, ತಾನೇ ನಕ್ಕಳು, ಆಮೇಲೆ ದನಿ ತಗ್ಗಿಸಿದಳು, ನಾ ಆ ಕಡೆ ತಿರುಗ್ಕೋತೀನಿ, ನಂಗೇನೂ ಕಾಣಾಕಿಲ್ಲ, ಕೊಡೋದಾದ್ರೆ ಕೊಟ್ಬುಡಿ — ತಿರುಗಿಯೇಬಿಟ್ಟಳು, ಈಗ ನೋಡುವವರು ಯಾರೂ ಇಲ್ಲ, ಬಿರಡೆ ಯಾವಾಗ ಬಿಚ್ಚಿತು, ಕೊಟ್ಟರೆ ಹೊಲಿಗೆ ಬಿಟ್ಟೀತು, ಕೊಡದಿದ್ದರೆ ಇವಳೂ ಒಣ ಬಾಯಲ್ಲಿ, ಈ ಡಾಕ್ಟರರಿಗೆ ತಿಳಿದಿರುವುದಾದರೂ ಎಷ್ಟು, ಅಂದೂ ಹೀಗೆಯೇ ಬರೆದಿದ್ದರಲ್ಲ, ಬರೆದಿದ್ದರು, ಆದರೆ ತಿಳಿಯದು ಎಂದೇ ಬರೆದಿದ್ದರು, ತಿಳಿಯದ್ದನ್ನು ತಿಳಿಯದು ಎನ್ನುವವರು ಕೊಡಬೇಡ ಎಂದರೆ ತಿಳಿದೇ — ಅಪ್ಪ, ನೀರ್ — ಇಗ್ಗುತಪ್ಪಾ, ದೇವರೇ, ಬಾಯಿಗೆ ಬೇಡ, ಹಣೆಗೆ, ಹಣೆಗೆ ಯಾವ ಅಕ್ಷರದ ಅಡ್ಡಿಯೂ ಇಲ್ಲ, ಸೀಸೆ ವಾಲಿಸಿದ, ಹನಿ ಹಣೆಯ ನಡುವೆ ಬಿತ್ತು, ನಿಲ್ಲಲಿಲ್ಲ, ಹುಬ್ಬುಗಳ ನಡುವೆ ಇಳಿಯಿತು, ಮೂಗಿನ ಬದಿಗೆ ಜಾರಿತು, ಕೆಳಗೆ ಒಡೆದ ತುಟಿ, ಹೊನ್ನಮ್ಮನದೇ ತುಟಿ, ತೆರೆಯಿತು, ನಾಲಿಗೆಯ ತುದಿ ಹೊರಬಂತು, ಅವನು ಬೆರಳು ಅಡ್ಡ ಇಟ್ಟ, ಹನಿ ಬೆರಳ ಮೇಲೆ ನಿಂತಿತು, ನಡುಗುತ್ತಿದೆ, ಅದರ ಕೆಳಗೆ ಬಿಸಿ ಉಸಿರು ಬಂದು ತಗಲುತ್ತದೆ, ಹೋಗುತ್ತದೆ, ಮತ್ತೆ ತಗಲುತ್ತದೆ, ಕೊಡಿ ಅಪ್ಪ ಅನ್ನುತ್ತಾಳೆ, ಅವನು ಬೆರಳು ತೆಗೆಯುವುದಿಲ್ಲ, ಹನಿ, ಬೆರಳು, ಒಡೆದ ತುಟಿ, ಒಡೆದ ತುಟಿ —