ಕಾದಿಸ್‌ನ ತಾಲೀಮು

ಟಕ್ ಎಂದಿತು. ಯಾರೋ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಬಿಟ್ಟಷ್ಟು ಸಣ್ಣ ಸದ್ದು. ಬರ್ನಡೆಟ್‌ಗೆ ನಿದ್ದೆಯೇ ಬಂದಿರಲಿಲ್ಲವಾದ್ದರಿಂದ ಎಚ್ಚರವಾಯಿತು ಎನ್ನುವಂತಿಲ್ಲ. ಕಣ್ಣು ತೆರೆದಳು, ಅಷ್ಟೇ. ಪಕ್ಕದಲ್ಲಿ ಗಂಡ ಥಿಯೋಡೋರ್ ಆಚೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದ. ಮೋಟರ್‌ಹೋಮಿನ ಅಡುಗೆಮೂಲೆಯಲ್ಲಿ ತಟ್ಟೆ-ಬಸಿಗಳನ್ನಿಟ್ಟಿದ್ದ ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಎದ್ದು ಹೋಗಿ ಮುಚ್ಚಿದಳು. ಹಾಸಿಗೆಗೆ ಮರಳುವಷ್ಟರಲ್ಲಿ ಮತ್ತೆ ಟಕ್.

ಈ ಸಲ ಮುಚ್ಚಿ ಬೆರಳು ತೆಗೆಯದೆ ನಿಂತಳು. ತೆಗೆದದ್ದೇ ತಡ, ಬಾಗಿಲು ನಿಧಾನವಾಗಿ ಅವಳ ಮೊಣಕೈಯನ್ನು ಸವರಿಕೊಂಡು ತೆರೆಯಿತು. ಸಂಜೆ ಇದೇ ಬಾಗಿಲು ಗಟ್ಟಿಯಾಗಿ ಕೂತಿತ್ತು. ಅವಳೇ ಎಳೆದು ನೋಡಿದ್ದಳು. ಕೆಟ್ಟಿರುವುದು ಬಾಗಿಲಲ್ಲ, ಗಾಡಿಯೇ ವಾಲುತ್ತಿದೆ ಎಂಬುದು ಮೊದಲು ಅವಳ ಅಂಗಾಲಿಗೆ ತಿಳಿಯಿತು, ಆಮೇಲೆ ತಲೆಗೆ.

ಗಂಡನ ಭುಜ ಅಲುಗಿಸಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಎಬ್ಬಿಸಿದರೆ ಸ್ಪೇನ್ ಇಲ್ಲ.

ಒಪ್ಪಂದ ಹಾಗೇ ಆಗಿತ್ತು. ಮದುವೆಯಾಗಿ ಕತಾರಿನ ದುಖಾನಿನಲ್ಲಿರುವ ತೈಲ ಕಂಪನಿಯ ಕ್ವಾರ್ಟರ್ಸಿಗೆ ಬಂದಂದಿನಿಂದ ಅವರ ರಜೆ ಎಂದರೆ ಮಂಗಳೂರು. ಒಂದು ತಿಂಗಳು ಮದುವೆ, ನಾಮಕರಣ, ಕಾಯಿಲೆಯವರ ಮನೆ. ಟ್ಯಾಂಗ್ ಡಬ್ಬಿ, ಟೈಗರ್ ಬಾಮ್ ಹಂಚಿ, ಕರೆದವರ ಮನೆಯಲ್ಲೆಲ್ಲ ಉಂಡು, ಹೋಗುವಾಗಿನದಕ್ಕಿಂತ ಹೆಚ್ಚು ದಣಿದು ಮರಳುವುದು. ಈ ವರ್ಷ ಮೊದಲ ಬಾರಿಗೆ ಬರ್ನಡೆಟ್ ಬಾಯಿಬಿಟ್ಟು ಕೇಳಿದ್ದಳು. ಜುಲೈಯಲ್ಲಿ ಒಂದು ವಾರ ತನಗೆ ಸ್ಪೇನಿನ ಕಾದಿಸ್ ನೋಡಬೇಕು.

ಆಸೆ ಹಳೆಯದು. ಬಿ.ಎ.ಯಲ್ಲಿ ಇತಿಹಾಸ ಓದುವಾಗ ಪರೀಕ್ಷೆಗೆಂದು ಆ ಊರಿನ ನಕ್ಷೆಯನ್ನು ಬಿಡಿಸಿ ಬಿಡಿಸಿ ಅವಳ ಕೈಗೆ ಅದು ರೂಢಿಯಾಗಿತ್ತು. ಕಡಲೊಳಗೆ ಚಾಚಿದ ಬೆರಳಿನಂಥ ನೆಲ, ಮೂರು ಕಡೆ ನೀರು, ಸಾವಿರಾರು ವರ್ಷಗಳಿಂದ ಹಡಗುಗಳು ಬಂದು ಹೋಗುವ ಬಂದರು. ಥಿಯೋಡೋರನ ಜೊತೆ ಕೆಲಸ ಮಾಡುವ ರಾಫೆಲ್ ಅದೇ ಊರಿನವನೆಂದು ತಿಳಿದ ಮೇಲಂತೂ ಆಸೆಗೆ ಕಾಲು ಬಂತು. ಅಲ್ಲಿಯ ಬೀದಿಗಳು ಎಷ್ಟು ಕಿರಿದೆಂದರೆ ಬಾಲ್ಕನಿಯಿಂದ ಎದುರು ಮನೆಗೆ ಉಪ್ಪು ದಾಟಿಸಬಹುದು ಎಂದು ರಾಫೆಲ್ ಹೇಳುತ್ತಿದ್ದ. ಹೋಟೆಲಿನಲ್ಲಿ ಉಳಿದರೆ ಆ ಊರು ಸಿಕ್ಕುವುದಿಲ್ಲ. ಮೋಟರ್‌ಹೋಮ್ ಬಾಡಿಗೆಗೆ ಹಿಡಿದು, ಕಡಲ ಬದಿಯಲ್ಲಿ ನಿಲ್ಲಿಸಿ, ಅದರಲ್ಲೇ ಮಲಗಿ, ಬೆಳಕು ಹರಿಯುವಾಗ ನಡೆದೇ ಒಳಗೆ ಹೋಗಬೇಕು ಎಂದೂ ಅವನೇ ಹೇಳಿದ್ದ.

ಥಿಯೋಡೋರ್ ನಕ್ಕುಬಿಟ್ಟಿದ್ದ. "ಮಲಗುವ ಮೊದಲು ಮೂರು ಸಲ ಗ್ಯಾಸ್ ನೋಡುವವಳು ನೀನು. ಗಾಡಿಯೊಳಗೆ ಮಲಗ್ತೀಯಾ ಮಾರಾಯ್ತಿ? ಗಾಳಿ ಬೀಸಿದರೆ ಎಬ್ಬಿಸ್ತಿ, ನಾಯಿ ಬೊಗಳಿದರೆ ಎಬ್ಬಿಸ್ತಿ. ನನಗೆ ಬೇಕಾದ್ದು ರಜೆ, ವಾಚ್‌ಮನ್ ಕೆಲಸ ಅಲ್ಲ."

ಹಾಗಾದರೆ ಇಲ್ಲೇ ಒಂದು ರಾತ್ರಿ ಮಲಗಿ ನೋಡುವ ಎಂದವಳು ಬರ್ನಡೆಟ್ಟೇ. ರಾಫೆಲ್ ತನ್ನ ದೇಶದಿಂದ ಹಡಗಿನಲ್ಲಿ ತರಿಸಿಕೊಂಡಿದ್ದ ಮೋಟರ್‌ಹೋಮನ್ನು ಸಂತೋಷದಿಂದಲೇ ಕೊಟ್ಟ. ಕಾದಿಸ್‌ಗೆ ಬದಲಾಗಿ ಕತಾರಿನ ವಾಯವ್ಯ ಮೂಲೆಯ ಅಲ್ ಜುಬಾರಾ: ಒಂದು ಕಾಲಕ್ಕೆ ಮುತ್ತಿನ ವ್ಯಾಪಾರದಿಂದ ಮೆರೆದು, ಈಗ ಮಣ್ಣಿನಡಿ ಮಲಗಿರುವ ಕಡಲ ಪಟ್ಟಣ. ಥಿಯೋಡೋರ್ ಷರತ್ತು ಹಾಕಿದ್ದ. "ಬೆಳಗಾಗುವ ತನಕ ಒಂದು ಸಲವೂ ನನ್ನನ್ನು ಎಬ್ಬಿಸಬಾರದು. ಎಬ್ಬಿಸಿದಿಯೋ, ಖಲಾಸ್. ಸೀದಾ ಮಂಗಳೂರು." ಪಕ್ಕದ ಮನೆಯ ಕೊನ್ಸೆಪ್ಟಾ, ಊಟದ ಪಾತ್ರೆ ತೊಳೆಯುವ ಮೊದಲೇ ಎಬ್ಬಿಸುತ್ತಾಳೆ ನೋಡಿ ಎಂದು ಭವಿಷ್ಯ ನುಡಿದಿದ್ದಳು.

ಇಲ್ಲಿ ಬದುಕುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಕಡಲು ಕಂಡರೆ ಗಾಡಿಯನ್ನು ನೀರಿನ ಅಂಚಿನವರೆಗೂ ಒಯ್ಯಬೇಕು. ಇಳಿದು ನಡೆಯುವುದೆಂದರೆ ಸೋತಂತೆ. ದುಖಾನಿನ ಬೀಚಿನಲ್ಲಿ ಶುಕ್ರವಾರ ಸಾಲಾಗಿ ನಿಲ್ಲುವ ಗಾಡಿಗಳ ಡಿಕ್ಕಿ ತೆರೆದು ಕೂತರೆ ಕಾಲು ನೀರಿಗೆ ತಾಗುವಂತಿರುತ್ತದೆ. ಆ ರೂಢಿಯಲ್ಲೇ ಥಿಯೋಡೋರ್ ಪಾಳು ಪಟ್ಟಣದ ಮಗ್ಗುಲಲ್ಲಿ ಜಲ್ಲಿನೆಲ ಬಿಟ್ಟು, ಮೇಜಿನ ಹಾಗೆ ಸಪಾಟಾಗಿ ಬೆಳ್ಳಗಿದ್ದ ಬಯಲಿಗೆ ಗಾಡಿ ಇಳಿಸಿದ್ದ. ಹಿಂದಿನ ಕಿಟಕಿ ತೆರೆದರೆ ಸಮುದ್ರವೇ ಕಾಣಲಿ ಎಂದು ರಿವರ್ಸ್ ತೆಗೆದು ನಿಲ್ಲಿಸಿದ್ದ. ಇಲ್ಲಿ ಬೇರೆ ಯಾರ ಟೈರಿನ ಗುರುತೂ ಇಲ್ಲವಲ್ಲ ಎಂದು ಬರ್ನಡೆಟ್ ಹೇಳದೆ ಇರಲಿಲ್ಲ. ಅದಕ್ಕೇ ಒಳ್ಳೆಯ ಜಾಗ ಎಂದಿದ್ದ ಅವನು.

ಅದು ಸಬ್ಖಾ. ಮೇಲೆ ಉಪ್ಪಿನ ಗಟ್ಟಿ ಪದರ, ಕೆಳಗೆ ನೀರು ಹೆಚ್ಚಾದ ಹಿಟ್ಟಿನಂಥ ಕೆಸರು. ಹೆಸರು ಎಲ್ಲರೂ ಬಲ್ಲರು. ಹೊತ್ತು ಮುಳುಗಿ, ಹೊಟ್ಟೆ ಹಸಿದು, ಎದುರಿಗೆ ಸಪಾಟು ನೆಲ ಕಂಡಾಗ ಎಲ್ಲರೂ ಮರೆಯುತ್ತಾರೆ.

ಟಾರ್ಚ್ ಹಿಡಿದು ಇಳಿದಳು. ಚಪ್ಪಲಿ ಎರಡನೇ ಹೆಜ್ಜೆಗೇ ಕಚ್ಚಿಕೊಂಡಿತು; ಅದನ್ನು ಕಿತ್ತು ಮೆಟ್ಟಿಲ ಮೇಲಿಟ್ಟು ಬರಿಗಾಲಲ್ಲಿ ಹಿಂದಕ್ಕೆ ನಡೆದಳು. ಎಡಗಡೆಯ ಹಿಂದಿನ ಚಕ್ರ ಅರ್ಧದಷ್ಟು ಇಳಿದಿತ್ತು. ಬಲಗಡೆಯದು ಇಳಿಯತೊಡಗಿತ್ತು. ಮುಂದಿನವು ಇನ್ನೂ ಪದರದ ಮೇಲೇ ಕೂತಿದ್ದವು. ಸಂಜೆ ದೂರದಲ್ಲಿದ್ದ ನೀರು ಈಗ ಸದ್ದಿಲ್ಲದೆ, ತಟ್ಟೆಯಲ್ಲಿ ಹರಡಿದ ಗಂಜಿಯ ಹಾಗೆ, ಹತ್ತಿರ ಬಂದಿತ್ತು.

ಅವಳ ಎದೆ ಬಡಿದುಕೊಂಡಿತು. ಆದರೆ ಬಡಿದುಕೊಳ್ಳುವ ಎದೆ ಅವಳಿಗೆ ಹೊಸದಲ್ಲ. ದಿನಾ ಗ್ಯಾಸಿನ ಮುಂದೆ, ಬಾಗಿಲಿನ ಮುಂದೆ, ಮಂಗಳೂರಿನ ಹಾಸ್ಟೆಲಿನಲ್ಲಿರುವ ಮಗಳು ಮೆಲನಿ ಫೋನ್ ಎತ್ತದಿದ್ದಾಗ ಅದು ಬಡಿದುಕೊಂಡೇ ಇತ್ತು. ವ್ಯತ್ಯಾಸವೆಂದರೆ ಇವತ್ತು ಅದಕ್ಕೆ ಕಾರಣವಿತ್ತು. ಕಾರಣ ಸಿಕ್ಕಿದ ಕೂಡಲೇ ಮುಂದೇನು ಮಾಡಬೇಕೆಂಬುದು ತಾನಾಗಿ ಹೊಳೆಯತೊಡಗಿತು. ಇದು ಅವಳಿಗೇ ಸೋಜಿಗವಾಯಿತು. ನೀರಿನಿಂದ ಈಚೆಗೆ ಒಂದು ಕುರುಚಲು ಪೊದೆಯಿತ್ತು. ನೀರು ಅದನ್ನು ಮುಟ್ಟಿದರೆ ಎಬ್ಬಿಸುತ್ತೇನೆ, ಸ್ಪೇನ್ ಹೋದರೆ ಹೋಗಲಿ ಎಂದು ತನ್ನೊಳಗೇ ಗಡಿ ಹಾಕಿಕೊಂಡಳು.

ಹೆದರುವವರು ಎಲ್ಲವನ್ನೂ ಮೊದಲೇ ನೋಡಿಟ್ಟಿರುತ್ತಾರೆ. ಗಾಡಿ ಪಡೆಯುವಾಗ ಥಿಯೋಡೋರ್ ಫ್ರಿಜ್ಜನ್ನೂ ಹಾಸಿಗೆಯನ್ನೂ ನೋಡಿದ್ದರೆ, ಬರ್ನಡೆಟ್ ಪ್ರತಿಯೊಂದು ಪೆಟ್ಟಿಗೆಯನ್ನು ತೆರೆಸಿ ಇದೇನು, ಇದೇಕೆ ಎಂದು ರಾಫೆಲನ ಜೀವ ತಿಂದಿದ್ದಳು. ಹಾಗಾಗಿ ಹಿಂದಿನ ಪೆಟ್ಟಿಗೆಯಲ್ಲಿ ಸಲಿಕೆ ಇದೆ, ಗಾಡಿಯನ್ನು ಮಟ್ಟ ಮಾಡಲು ಚಕ್ರದಡಿ ಇಡುವ ಹಳದಿ ಪ್ಲಾಸ್ಟಿಕ್ ಇಳಿಜಾರುಗಳಿವೆ, ಸಿಗರೇಟ್ ಲೈಟರಿಗೆ ಸಿಕ್ಕಿಸುವ ಗಾಳಿಪಂಪಿದೆ ಎಂದು ಅವಳಿಗೆ ಗೊತ್ತಿತ್ತು.

ಮೊದಲು ನಾಲ್ಕೂ ಟೈರುಗಳ ಗಾಳಿ ಇಳಿಸಿದಳು. ಮರಳುಗಾಡಿಗೆ ಹೊರಟ ಪ್ರತಿ ಪಿಕ್‌ನಿಕ್ಕಿನಲ್ಲಿ ಗಂಡಸರು ಮಂಡಿಯೂರಿ ವಾಲ್ವಿನೊಳಗೆ ಕೀಲಿ ಒತ್ತಿ ಈ ಕೆಲಸ ಮಾಡುವಾಗ ಹೆಂಗಸರು ಸಮೋಸ ಹಂಚುತ್ತಾರೆ. ಅವಳು ಸಮೋಸ ಹಂಚುತ್ತಲೇ ನೋಡಿದ್ದಳು. ಟೈರು ಮೆತ್ತಗಾಗಿ ಅಗಲಕ್ಕೆ ಹರಡಿದರೆ ನೆಲ ಹೊರುತ್ತದೆ. ಹಿಂದಿನ ಚಕ್ರಗಳ ಮುಂದೆ ಕೆಸರು ತೋಡಿ ಇಳಿಜಾರುಗಳನ್ನು ತುರುಕಿದಳು. ತೋಡಿದಷ್ಟೂ ಕೆಸರು ತುಂಬಿಕೊಳ್ಳುತ್ತಿತ್ತು. ಕೊನೆಗೆ ಸಲಿಕೆ ಬಿಟ್ಟು ಎರಡೂ ಕೈಯಿಂದ ಬಾಚಿದಳು. ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಅವುಗಳ ಮುಂದೆ ಏನಾದರೂ ಹಾಸಬೇಕು. ಅನತಿ ದೂರದಲ್ಲೇ ಹಳೆಯ ಮನೆಯೊಂದರ ಗೋಡೆ ಕುಸಿದು ಕಲ್ಲು ಚೆಲ್ಲಿತ್ತು. ಕೈಗೆ ಹದವಾದ ಹವಳದ ಕಲ್ಲುಗಳು. ಹೋಗಿ ಒಂದನ್ನು ಎತ್ತಿಯೂ ಎತ್ತಿದಳು. ಯಾರೋ ಮನೆ ಕಟ್ಟಲು ಹೊತ್ತು ತಂದಿದ್ದ ಕಲ್ಲು. ತನ್ನ ಗಂಡನ ತಪ್ಪಿನ ಕೆಳಗೆ ಅದನ್ನು ಹೂಳಲು ಮನಸ್ಸು ಒಪ್ಪದೆ ಇದ್ದಲ್ಲಿಯೇ ಇಟ್ಟು ಬಂದಳು. ಊರಿನಿಂದ ತಂದ ಚಾಪೆ, ಕಾಲೊರಸು, ಬಚ್ಚಲಿನ ಮರದ ಹಲಗೆ, ಕೂರಲು ತಂದಿದ್ದ ಜಮಖಾನ, ಎಲ್ಲ ಹಾಸಿದಳು.

ಇನ್ನುಳಿದದ್ದು ದಾರಿ. ಬಂದ ಗುರುತಿನ ಮೇಲೇ ಹೋಗಬೇಕು. ಒಮ್ಮೆ ಹೊತ್ತ ನೆಲ ಇನ್ನೊಮ್ಮೆ ಹೊರಬಹುದು. ಎಮರ್ಜೆನ್ಸಿ ಲ್ಯಾಂಪನ್ನು ಒಯ್ದು ಜಲ್ಲಿನೆಲ ಶುರುವಾಗುವ ಕಡೆ ಇಟ್ಟು ಬಂದಳು. ತಿರುಗಿ ನೋಡಿದಾಗ ನೀರು ಪೊದೆಯ ಬುಡಕ್ಕೆ ಒಂದು ಗೇಣಿತ್ತು.

ಡ್ರೈವರ್ ಸೀಟಿನಲ್ಲಿ ಕೂತಾಗ ಒಮ್ಮೆ ನಗು ಬಂತು. ಲೈಸೆನ್ಸ್ ಅವಳಲ್ಲಿತ್ತು. ಅದರಿಂದ ಅವಳು ಹೋಗುತ್ತಿದ್ದದ್ದು ಕಂಪನಿಯ ಅಂಗಡಿಗೆ ಮಾತ್ರ, ಅದೂ ಪಕ್ಕದಲ್ಲಿ ಥಿಯೋಡೋರ್ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಕೂತಿದ್ದಾಗ. ಈಗ ಅವನು ಹಿಂದೆ, ಮುಳುಗುತ್ತಿರುವ ಚಕ್ರದ ಸರಿ ಮೇಲಿನ ಹಾಸಿಗೆಯಲ್ಲಿ ಇದ್ದ. ಗಾಡಿಯಿಂದ ಇಳಿಸಿ ಹಗುರ ಮಾಡಲಾಗದ ಭಾರವೆಂದರೆ ಅದೊಂದೇ. ಕಂಪನಿಯಲ್ಲಿ ಸತತ ನೈಟ್ ಶಿಫ್ಟ್ ಮುಗಿಸಿ ಬಂದವನು. ಕ್ವಾರ್ಟರ್ಸಿನಲ್ಲಿ ತಲೆಯ ಮೇಲೆ ಎ.ಸಿ. ಗುಡುಗುವಾಗಲೂ ಹಗಲೆಲ್ಲ ಮಲಗಿ ರೂಢಿಯಾದವನು. ಆ ರೂಢಿಯನ್ನೇ ನಂಬಿ ಶಿಲುಬೆಯ ಗುರುತು ಹಾಕಿಕೊಂಡು ಕೀಲಿ ತಿರುಗಿಸಿದಳು.

ಇಂಜಿನ್ ಗುರುಗುಟ್ಟಿತು. ಹಿಂದೆ ಗೊರಕೆ ನಿಂತಿತು.

"ಬರ್ನಿ," ನಿದ್ದೆಗಣ್ಣಿನ ದನಿ, "ಗ್ಯಾಸ್ ಬಂದ್ ಮಾಡಿದ್ದೀಯಾ?"

"ಮಾಡಿದ್ದೇನೆ. ಮಲಗಿ."

ಕೀಲಿಯಿಂದ ಕೈ ತೆಗೆಯದೆ ಕಾದಳು. ಗೊರಕೆ ಮತ್ತೆ ಶುರುವಾಯಿತು, ಮೊದಲಿಗಿಂತ ಒಂದು ಶ್ರುತಿ ಮೇಲೆ.

ಎಕ್ಸಲರೇಟರ್ ಮುಟ್ಟಲಿಲ್ಲ. ಮೊದಲ ಗೇರಿನಲ್ಲಿ ಕ್ಲಚ್ಚನ್ನು, ಮಲಗಿದ ಮಗುವಿನ ತಲೆಯಡಿಯಿಂದ ಕೈ ಬಿಡಿಸಿಕೊಳ್ಳುವ ಹಾಗೆ, ಕೂದಲೆಳೆಯಷ್ಟಷ್ಟೇ ಬಿಟ್ಟಳು. ಗಾಡಿ ಒಮ್ಮೆ ನಡುಗಿತು. ಮುಂದಿನ ಚಕ್ರ ಚಾಪೆಯನ್ನು ಕಚ್ಚಿ ಒಂದಿಷ್ಟು ಎಳೆದುಕೊಂಡಿತು, ಜಾರಿತು, ಮತ್ತೆ ಹಲಗೆಯನ್ನು ಹಿಡಿಯಿತು. ಹಿಂದೆ ಪ್ಲಾಸ್ಟಿಕ್ ಕಿರ್ರೆಂದು ಬಾಗುವ ಸದ್ದು. ಆಮೇಲೆ, ಕೆಸರು ಬಾಯಿ ತೆರೆದು ಬಿಟ್ಟುಕೊಟ್ಟ ಹಾಗೆ ಒಂದು ದೊಡ್ಡ ಚಪ್ಪರಿಕೆ, ಮತ್ತು ಸೊಂಟ ನೆಟ್ಟಗೆ ಮಾಡಿಕೊಂಡಂತೆ ಗಾಡಿ ಮೇಲಕ್ಕೆ ಬಂತು. ನಿಲ್ಲಿಸಬಾರದು, ಬ್ರೇಕ್ ಮುಟ್ಟಬಾರದು, ಸ್ಟಿಯರಿಂಗ್ ತಿರುವಬಾರದು. ದೂರದ ದೀಪವೊಂದನ್ನೇ ನೋಡುತ್ತಾ ನಡಿಗೆಯ ವೇಗದಲ್ಲಿ ಹೋದಳು. ಅಡಿಯಲ್ಲಿ ಪದರ ಹಪ್ಪಳದಂತೆ ಮುರಿಯುವುದು ಕೇಳಿಸುತ್ತಿತ್ತು. ಒಂದು ಕಡೆ ಚಕ್ರ ಕುಸಿದಂತಾಯಿತು. ಆದರೆ ಗಾಡಿ ಅದನ್ನೂ ದಾಟಿತು. ಆಮೇಲೆ ಟೈರಿನಡಿ ಜಲ್ಲಿ ಕರಕರ ಎಂದಿತು. ಆ ಸದ್ದಿನಷ್ಟು ಇಂಪಾದದ್ದನ್ನು ಅವಳು ಚರ್ಚಿನ ಕ್ವಾಯರಿನಲ್ಲೂ ಕೇಳಿರಲಿಲ್ಲ.

ದೀಪ ದಾಟಿ ಎತ್ತರದ ನೆಲದಲ್ಲಿ ನಿಲ್ಲಿಸಿ ಇಂಜಿನ್ ಆರಿಸಿದಳು. ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು. ಅಳು ಬರಬಹುದೆಂದುಕೊಂಡಿದ್ದಳು, ಬಂದದ್ದು ಹಸಿವು. ತಣ್ಣಗಿನ ಚಿಕನ್ ಸುಕ್ಕಕ್ಕೆ ಬ್ರೆಡ್ ಒತ್ತಿ, ಕೆಸರುಗೈಯಲ್ಲೇ, ನಿಂತುಕೊಂಡೇ ತಿಂದಳು.

ಬೆಳಕು ಮೂಡುವ ಹೊತ್ತಿಗೆ ಪಂಪು ಹಚ್ಚಿ ಟೈರಿಗೆ ಗಾಳಿ ತುಂಬಿ ಮುಗಿದಿತ್ತು. ಪಂಪು ಎಮ್ಮೆಯ ಹಾಗೆ ಅರಚಿದರೂ ಒಳಗಿನ ಮಹರಾಯ ಏಳಲಿಲ್ಲ. ಕೆಸರಿನಿಂದ ಚಾಪೆ, ಜಮಖಾನ ಕಿತ್ತು ತಂದು ಕಡಲಲ್ಲಿ ಅಲುಬಿ, ಗಾಡಿಯ ಏಣಿಗೆ ಹರವಿದಳು. ಪೊದೆ ಈಗ ನೀರಿನಲ್ಲಿ ನಿಂತಿತ್ತು. ಅವರು ಮಲಗಿದ್ದ ಜಾಗದಲ್ಲಿ ಎರಡು ಹೊಂಡಗಳು ಆಕಾಶವನ್ನು ತುಂಬಿಕೊಂಡು ಹೊಳೆಯುತ್ತಿದ್ದವು.

ಮಾಡಲು ಇನ್ನೇನೂ ಉಳಿಯದಿದ್ದಾಗ ಅವಳು ಪಟ್ಟಣದ ಕಡೆ ತಿರುಗಿದಳು. ಕಡಲ ಬದಿಯಲ್ಲಿ ಗಾಡಿ ನಿಲ್ಲಿಸಿ, ಬೆಳಕು ಹರಿಯುವಾಗ, ನಡೆದೇ ಒಳಗೆ. ಮೊಣಕಾಲೆತ್ತರದ ಗೋಡೆಗಳ ನಡುವೆ ಬೀದಿ ಎಲ್ಲಿತ್ತೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಕಣ್ಣು ಹೊಂದಿಕೊಂಡಿತು. ಇದು ಅಂಗಳ, ಇದು ಹೊಸಿಲು, ಇಲ್ಲಿ ನೆಲದಲ್ಲಿ ಸಾಲು ಸಾಲು ಕಾಲುವೆ ಇರುವುದು ಖರ್ಜೂರದ ರಸ ಇಳಿಸುವ ಕೋಣೆ. ಪ್ರತಿ ಮನೆಗೂ ಬಾಗಿಲಿದ್ದ ಕಡೆಯಿಂದಲೇ ಹೋದಳು, ಗೋಡೆ ದಾಟಲಿಲ್ಲ. ಓಣಿಯೊಂದು ತಿರುಗಿ ತಿರುಗಿ ಥಟ್ಟನೆ ಕಡಲಿಗೆ ಬಿಟ್ಟಿತು. ಬಾಗಿಲು ಹಾಕಿದೆಯೇ, ಫೋನ್ ಎಲ್ಲಿದೆ, ಯಾರಾದರೂ ಬರುತ್ತಿದ್ದಾರೆಯೇ ಎಂದು ಒಮ್ಮೆಯೂ ಹಿಂತಿರುಗಿ ನೋಡಿಲ್ಲವೆಂದು ಅವಳಿಗೆ ಹೊಳೆದದ್ದು ಅಲ್ಲಿ. ಗಾಳಿ ಎದುರಿನಿಂದ ಬೀಸುತ್ತಿತ್ತು. ಎರಡೂ ಕೈ ಸೊಂಟಕ್ಕೆ ಕೊಟ್ಟು, ಊರಿನ ಯಜಮಾನಿಯ ಹಾಗೆ, ಬಹಳ ಹೊತ್ತು ನಿಂತಳು.

ಅವಳು ಚಹಾಕ್ಕೆ ನೀರಿಟ್ಟ ಮೇಲೆ ಥಿಯೋಡೋರ್ ಎದ್ದ. ಕನ್ನಡಕ ಹುಡುಕುತ್ತಾ ಹಿಂದಿನ ಕಿಟಕಿ ತೆರೆದ.

"ನೀರು ಎಷ್ಟು ದೂರ ಹೋಗಿದೆ ನೋಡು. ಇಳಿತ," ಎಂದ. ಆಮೇಲೆ ಏಣಿ ಕಂಡು, "ಚಾಪೆ ಯಾಕೆ ಒದ್ದೆ?"

"ತೊಳೆದೆ."

"ಇಲ್ಲಿಗೆ ಬಂದೂ ತೊಳೆಯುವುದಾ? ಒಳ್ಳೆ ಕಥೆ." ಮೈಮುರಿದ. ತಾನು ಹಾಕಿದ ಷರತ್ತು ನೆನಪಾಗಿ ಅವಳ ಮುಖವನ್ನೇ ನೋಡಿದ. "ಅಲ್ಲ, ನೀನು ನನ್ನನ್ನು ಎಬ್ಬಿಸಲೇ ಇಲ್ಲ ಅಲ್ವಾ?"

"ಇಲ್ಲ," ಎಂದಳು ಬರ್ನಡೆಟ್. "ಎಬ್ಬಿಸಲಿಲ್ಲ."

ಅವನು ಸೋತದ್ದಕ್ಕೆ ಬೇಸರಪಡುವವನಲ್ಲ. ಸೋಲನ್ನೂ ತನ್ನ ಗೆಲುವಾಗಿ ಹೇಳಬಲ್ಲವನು. ಅಲ್ಲೇ ನಿಂತು ರಾಫೆಲನಿಗೆ ಫೋನ್ ಹಚ್ಚಿ, ಜುಲೈಯಲ್ಲಿ ಹೊರಡುವುದೇ ಸೈ ಎಂದು ಇಂಗ್ಲಿಷಿನಲ್ಲಿ ಸಾರಿದ. ಜಾಗ ಆರಿಸುವುದರಲ್ಲೇ ಇರುವುದು ಎಲ್ಲ, ಗಟ್ಟಿ ನೆಲ ನೋಡಿ ನಿಲ್ಲಿಸಿದರೆ ಹೆಂಗಸರಿಗೆ ತಾನೇ ಧೈರ್ಯ ಬರುತ್ತದೆ, ತನ್ನ ಹೆಂಡತಿ ಮಗುವಿನ ಹಾಗೆ ಮಲಗಿದಳು ಎಂದ.

ಬರ್ನಡೆಟ್ ಗಾಡಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ತಿರುಗಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅದನ್ನು ಅಲ್ಲಿಯೇ ಸ್ವಲ್ಪ ಹೊತ್ತು ಇಟ್ಟುಕೊಂಡು ರುಚಿ ನೋಡಿದಳು. ಕೊನ್ಸೆಪ್ಟಾಗೆ ಹೇಳಿದರೆ ಸಂಜೆಯೊಳಗೆ ದುಖಾನಿಗೆಲ್ಲ ತಮಾಷೆಯಾಗುತ್ತದೆ. ಮೆಲನಿಗೆ ಹೇಳಿದರೆ ಅಪ್ಪನನ್ನು ಕಾಡುತ್ತಾಳೆ. ಇವನಿಗೆ ಹೇಳಿದರೆ ಮುಂದಿನ ಸಲದ ಹೊತ್ತಿಗೆ ಅದು ಇವನೇ ಹೇಳುವ ಕಥೆಯಾಗಿರುತ್ತದೆ. ಬೇಡ, ಯಾರಿಗೂ ಹೇಳುವುದಿಲ್ಲ.

ಬಿಸಿಲು ಮೆಟ್ಟಿಲಿನವರೆಗೆ ಬಂದಿತ್ತು. ಅವಳ ಪಾದಗಳ ಮೇಲೆ ಕೆಸರು ಒಣಗಿ, ಉಪ್ಪು ಬೆಳ್ಳಗೆ ಗೆರೆಗೆರೆಯಾಗಿ ಮೂಡುತ್ತಿತ್ತು. ಹಿಂದಿನಿಂದ ಥಿಯೋಡೋರನ ಹೆಜ್ಜೆ ಸದ್ದು ಕೇಳಿಸಿದಾಗ ಅವಳು ಪಾದಗಳನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡು, ಅವನಿಗೆ ಕೂರಲು ಜಾಗ ಬಿಟ್ಟಳು.